ಕಪಾಟಿನಲ್ಲಿಟ್ಟ ಕೌದಿ

ಚಿ. ಸೌ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮೊನ್ನೆ ಕೈಸೇರಿತು. ಉಳಿದದ್ದನ್ನೆಲ್ಲ ಒಮ್ಮೆ ಓದಿದೆ. ಹುಟ್ಟುವ ಮೊದಲೇ ಕೌದಿ ಹೊಲಿದರೆ ಅಕ್ಕನ ಕೂಸಿಗೆ ಕೇಡಾದೀತೇ ಎಂದು ನೀನು ಕೇಳಿದ ಸಾಲನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹಾಗೆಂದವರು ಯಾರೆಂದು ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಅರ್ಧ ಹೊಲಿದದ್ದನ್ನು ಮಡಿಚಿ ಕಪಾಟಿನಲ್ಲಿಟ್ಟಿದ್ದೇನೆ ಎಂದೆಯಲ್ಲ, ಅದು ನನ್ನನ್ನು ಮಲಗಗೊಡುತ್ತಿಲ್ಲ.

ನಿನ್ನ ಚಿಕ್ಕಮ್ಮನ ಮೊದಲ ಕೂಸಿನ ಸಂಗತಿ ನಿನಗೆ ತಿಳಿದದ್ದೇ. ಆ ಕೂಸಿಗೆಂದು ನಾನೊಂದು ಕೌದಿ ಹೊಲಿದಿದ್ದೆನೆಂಬುದು ಮಾತ್ರ ನಿನಗೆ ತಿಳಿಯದು. ಅವ್ವನ ಹಳೆಯ ಇಳಕಲ್ ಸೀರೆಯ ನೂಲಿನ ಒಡಲನ್ನು ನಾಲ್ಕು ಪದರ ಮಡಿಚಿ, ಮೇಲೆ ಅಪ್ಪನ ಧೋತರದ ತುಂಡುಗಳನ್ನೂ ಗುಳೇದಗುಡ್ಡದ ಖಣದ ಚೂರುಗಳನ್ನೂ ಕೂಡಿಸಿ, ಅಂಚಿನಿಂದ ಹಿಡಿದು ನಡುವಿನವರೆಗೆ ಸುತ್ತುಸುತ್ತಾಗಿ ದಾರ ಎಳೆದಿದ್ದೆ. ಕೂಸು ಏಳನೆಯ ತಿಂಗಳಿಗೇ ಬಂದಿತು; ಅಷ್ಟು ಸಣ್ಣ ಜೀವವನ್ನು ಉಳಿಸಿಕೊಳ್ಳುವ ಅನುಕೂಲ ಆಗ ನಮ್ಮೂರ ಸುತ್ತ ಎಲ್ಲಿಯೂ ಇರಲಿಲ್ಲ. ಕಾರಣ ಇಷ್ಟೇ. ಆದರೂ ಓಣಿಯ ಹಿರಿಯಳೊಬ್ಬಳು ಕೌದಿಯತ್ತ ಕೈಮಾಡಿದಾಗ ನಾನು ನಂಬಿಬಿಟ್ಟೆ, ಅಂದು ಸಂಜೆಯೇ ಅದನ್ನು ನೀರೊಲೆಗೆ ಹಾಕಿದೆ. ಎರಡು ತಿಂಗಳ ಮೇಲೆ ನಿನ್ನ ಚಿಕ್ಕಮ್ಮ, “ಅಕ್ಕಾ, ಆ ಕೌದಿ ಎಲ್ಲಿದೆ? ಅದೊಂದಾದರೂ ನನ್ನ ಹತ್ತಿರ ಇರಲಿ” ಎಂದಳು. ನಾನು ಉತ್ತರ ಕೊಡದೆ ಹಿತ್ತಲಿಗೆ ಹೋದೆ. ಇಂದಿಗೂ ಕೊಟ್ಟಿಲ್ಲ.

ಸೂಜಿಯಿಂದ ಕೇಡಾಗಲಿಲ್ಲ, ಮಗಳೇ. ಕೇಡು ಮಾಡಿದ್ದು ಆ ಸಂಜೆಯ ನನ್ನ ಕೈ. ಆಮೇಲೆ ನಾನು ಯಾರ ಕೂಸಿಗೂ ಹೊಲಿಯಲಿಲ್ಲ. ನೀನು ಹುಟ್ಟಿದಾಗಲೂ ಪೇಟೆಯಿಂದ ಹೊದಿಕೆ ಕೊಂಡು ತಂದೆ.

ಹೊಲಿಗೆಯ ಮಾತನ್ನೂ ನೀನು ಕೇಳಿದ್ದೀಯೆ. ಹೊಲಿಯುವುದನ್ನೇ ಬಿಟ್ಟವಳು ನಾನು, ಹೇಳಲು ಸಂಕೋಚವಾಗುತ್ತದೆ. ಸೆರಗಿನ ರೇಷ್ಮೆ ಬೇಡ, ಒಡಲಿನ ನೂಲೇ ಸಾಕು. ಹತ್ತಾರು ಸಲ ಒಗೆದ ಬಟ್ಟೆಯಷ್ಟು ಮೆತ್ತಗೆ ಹೊಸದು ಇರುವುದಿಲ್ಲ. ಖಣವನ್ನು ಮೊದಲು ನೀರಿನಲ್ಲಿ ನೆನೆಸಿ ಬಣ್ಣ ಬಿಡುವುದೋ ನೋಡು. ಕನ್ನಡಿ, ಮಣಿ, ಗುಂಡಿ ಯಾವುದನ್ನೂ ಹಚ್ಚಬೇಡ. ಒಂದು ವರ್ಷ ತುಂಬುವವರೆಗೆ ಮಲಗಿದ ಕೂಸಿನ ಮೇಲಾಗಲಿ, ತೊಟ್ಟಿಲೊಳಗಾಗಲಿ ಕೌದಿ ಇರಬಾರದು, ಮುಖದ ಮೇಲೆ ಬಂದರೆ ಉಸಿರು ಕಟ್ಟೀತು. ಎಚ್ಚರವಿದ್ದಾಗ ನೆಲಕ್ಕೆ ಹಾಸಿ ಆಡಿಸಲಿ ಎಂದು ಅಕ್ಕನಿಗೆ ಹೇಳು. ನೀನು ಭಯಪಡುವುದೇ ಆದರೆ ಇದಕ್ಕೆ ಭಯಪಡು, ಹುಟ್ಟುವ ಮೊದಲು ಹೊಲಿದದ್ದಕ್ಕಲ್ಲ.

ಇಷ್ಟಾದರೂ ನಿನ್ನ ಮನಸ್ಸು ಒಪ್ಪದೆ ಹೋಗಬಹುದು, ಭಯ ಒಂದು ಕಾಗದಕ್ಕೆ ಹೋಗುವಂಥದ್ದಲ್ಲವೆಂದು ನನಗೆ ಗೊತ್ತು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಹೊಲಿಯುತ್ತಾರೆ. ಅದಕ್ಕೆ ಫುಲಾ, ಎಂದರೆ ಹೂವು ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ನೀನು ಮೂರು ಮೂಲೆಗೆ ಈಗಲೇ ಹೂವಿಟ್ಟು, ನಾಲ್ಕನೆಯದನ್ನು ಕೂಸಿನ ಸುದ್ದಿ ಬಂದ ದಿನ ಹೊಲಿ. ಇದು ಯಾವ ಶಾಸ್ತ್ರವೂ ಅಲ್ಲ, ನಿನ್ನ ಕೈ ಮತ್ತೆ ಸೂಜಿ ಹಿಡಿಯಲಿ ಎಂದು ನನಗೆ ತೋಚಿದ್ದು.

ಆ ನಾಲ್ಕನೆಯ ಮೂಲೆಗೆ ಬಟ್ಟೆ ನಾನು ಕಳಿಸುತ್ತೇನೆ. ನನ್ನ ಟ್ರಂಕಿನಲ್ಲಿ ಅಂದಿನ ಖಣದ ಒಂದು ಚೂರು ಉಳಿದಿದೆ.

ನಿನ್ನ ದೊಡ್ಡಮ್ಮ