ನೇಪಾಳಕ್ಕೆ ಹೊರಟಿರುವ ಪುಟ್ಟಿಗೆ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು. ನಾನೂ ಮಾವನೂ ಮೈಸೂರಿನಲ್ಲಿ ಚೆನ್ನಾಗಿದ್ದೇವೆ.

ಪೀಸ್ ಕೋರ್‌ನಲ್ಲಿ ಅಂದರೆ ಅಮೆರಿಕ ಸರ್ಕಾರ ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯಲ್ಲಿ, ನಿನಗೆ ನೇಪಾಳ ಸಿಕ್ಕಿದೆ ಅಂತ ಅಣ್ಣ ಫೋನ್ ಮಾಡಿದ್ದ. ಅವನ ದನಿಯಲ್ಲಿ ಸಂತೋಷಕ್ಕಿಂತ ಗಾಬರಿಯೇ ಜಾಸ್ತಿ ಇತ್ತು. "ಅಮೆರಿಕಕ್ಕೆ ಕರಕೊಂಡು ಬಂದು ಓದಿಸಿದ್ದು ಹಳ್ಳಿ ನಲ್ಲಿಯಲ್ಲಿ ಬಟ್ಟೆ ಒಗೆಯೋದಕ್ಕಾ?" ಅಂದ. 1961ರಿಂದ 1976ರವರೆಗೆ ಇದೇ ಪೀಸ್ ಕೋರ್‌ನವರು ಭಾರತದಲ್ಲೂ ಇದ್ದರು, ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ದರು, ಆ ಹುಡುಗರ ಅಪ್ಪಂದಿರೂ ಹೀಗೇ ಗೊಣಗಿರುತ್ತಾರೆ ಬಿಡು ಅಂದೆ. ಸುಮ್ಮನಾದ.

ಮಾವನ ಕೆಲಸದ ಮೇಲೆ ನಾವು ಕೆಲವು ವರ್ಷ ಕಠ್ಮಂಡುವಿನಲ್ಲಿ ಇದ್ದೆವಲ್ಲ, ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮೂರು ತಿಂಗಳು ಟ್ರೇನಿಂಗ್, ಆಗ ಒಂದು ಮನೆ. ಆಮೇಲಿನ ಎರಡು ವರ್ಷ ಇನ್ನೊಂದು ಊರು, ಇನ್ನೊಂದು ಮನೆ. ಎರಡರಲ್ಲೂ ನೀನು ಆ ಮನೆಯ ಮಗಳ ಹಾಗೆ ಇರಬೇಕು. ನಿನ್ನ ಜೊತೆ ಬರುವ ಬೇರೆ ಹುಡುಗರಿಗೆ ಎಲ್ಲವೂ ಹೊಸದು. ನೆಲದ ಮೇಲೆ ಕೂರುವುದು, ಬಲಗೈಯಲ್ಲಿ ಕಲಸಿ ತಿನ್ನುವುದು, ಎಲ್ಲವನ್ನೂ ಕೇಳಿ ಕೇಳಿ ಕಲಿಯುತ್ತಾರೆ. ನಿನಗೆ ಹಾಗಲ್ಲ. ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಅಂಗಳದ ತುಳಸಿ, ಸ್ಟೀಲ್ ತಟ್ಟೆ, ಕಂಡ ಕೂಡಲೇ ಊಟ ಆಯ್ತಾ ಅಂತ ಕೇಳುವ ನೆರೆಯವರು, ಇದನ್ನೆಲ್ಲ ನೋಡಿ ಅಜ್ಜಿ ಮನೆಗೆ ಬಂದ ಹಾಗಾಗುತ್ತದೆ. ಆಗ ಕೇಳುವುದನ್ನು ಬಿಡುತ್ತೀಯ. ಎಲ್ಲ ಗೊತ್ತು ಅಂದುಕೊಳ್ಳುತ್ತೀಯ. ನನಗೆ ಹೆದರಿಕೆ ಇರುವುದು ಅದೊಂದಕ್ಕೇ.

ಅಡುಗೆಮನೆಯನ್ನೇ ತಗೋ. ಎಂಜಲು ಏನು ಅಂತ ನಿನಗೆ ಹೇಳಿಕೊಡಬೇಕಾಗಿಲ್ಲ. ಅವರು ಜುಠೊ ಅನ್ನುತ್ತಾರೆ. ನೀರನ್ನು ಎತ್ತಿ ಕುಡಿ, ತಿಂದ ಕೈಯಲ್ಲಿ ಸೌಟು ಮುಟ್ಟಬೇಡ, ಅಷ್ಟೇ. ಆದರೆ ಒಲೆಯ ಹತ್ತಿರ ಯಾರು ಹೋಗಬಹುದು ಅನ್ನುವುದು ಮನೆ ಮನೆಗೂ ಬೇರೆ. ಬಾಹುನ್ (ಅಲ್ಲಿನ ಬ್ರಾಹ್ಮಣರು) ಅಥವಾ ಛೇತ್ರಿ (ಕ್ಷತ್ರಿಯರು) ಮನೆಯಾದರೆ ಹೊರಗಿನವರನ್ನು ಒಳಗೆ ಬಿಡದೇ ಇರಬಹುದು. ಬೆಟ್ಟದ ಕಡೆಯ ತಾಮಾಂಗ್ ಜನರ ಮನೆಯಲ್ಲಿ ಒಲೆಯ ಪಕ್ಕದಲ್ಲೇ ಕೂರಿಸಿ ಬಡಿಸಬಹುದು. ಕಠ್ಮಂಡು ಕಣಿವೆಯ ನೇವಾರ್ ಜನರ ಹಳೆಯ ಮನೆಗಳಲ್ಲಿ ಅಡುಗೆಮನೆ ಮೇಲಿನ ಅಂತಸ್ತಿನಲ್ಲಿ ಇರುತ್ತದೆ. ಕರೆಯದೆ ಮೆಟ್ಟಿಲು ಹತ್ತಬೇಡ. ಮೊದಲ ದಿನವೇ ಹೊಸ್ತಿಲಲ್ಲಿ ನಿಂತು "ಒಳಗೆ ಬರಬಹುದಾ, ಆಮಾ (ಅಮ್ಮಾ)?" ಅಂತ ಕೇಳು. ಆ ಒಂದು ಪ್ರಶ್ನೆ ಸಾಕು, ಉಳಿದದ್ದನ್ನು ಅವರೇ ಹೇಳಿಕೊಡುತ್ತಾರೆ.

ಒಂದು ವಿಷಯ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ನಿನ್ನ ಮುಖ ನೋಡಿದ ಕೂಡಲೇ ಯಾವ ಜಾತಿ ಅಂತ ಕೇಳುತ್ತಾರೆ. ಬಿಳಿ ಹುಡುಗರನ್ನು ಅಷ್ಟಾಗಿ ಕೇಳುವುದಿಲ್ಲ, ನಿನ್ನನ್ನು ಕೇಳೇ ಕೇಳುತ್ತಾರೆ. ಗೋತ್ರ ಹೇಳಿ ಒಲೆ ಪಕ್ಕ ಜಾಗ ಗಿಟ್ಟಿಸಿಕೊಳ್ಳಬೇಡ. ಸುಲಭದ ದಾರಿ ಅದು, ಮನೆಯವರಿಗೂ ಖುಷಿಯಾಗುತ್ತದೆ. ಆದರೆ ನಾಳೆ ಕೆಳಗಿನ ಕೇರಿಯ ದಲಿತರ ಮನೆಯಲ್ಲಿ ನೀನು ಚಹಾ ಕುಡಿದು ಬಂದಾಗ ಅದೇ ಗೋತ್ರ ಕುತ್ತಿಗೆಗೆ ಬರುತ್ತದೆ. 2011ರಲ್ಲಿ ಅಸ್ಪೃಶ್ಯತೆಯನ್ನು ಶಿಕ್ಷಿಸುವ ಕಾಯ್ದೆ ಬಂದಿದೆ. ಕಾಯ್ದೆ ಬಂದ ಮಾತ್ರಕ್ಕೆ ಪದ್ಧತಿ ಹೋಗುವುದಿಲ್ಲ, ನಮ್ಮ ಕಡೆಯೂ ಹೋಗಿಲ್ಲ. "ನಾನು ನಿಮ್ಮ ಮನೆ ಮಗಳು, ನಿಮ್ಮದೇ ನನ್ನದು" ಅಂತ ನಕ್ಕುಬಿಡು. ಚಹಾ ಕುಡಿಯುವ ಕಡೆ ಕುಡಿ.

ಮುಟ್ಟಿನ ದಿನಗಳ ಬಗ್ಗೆ ನಿನ್ನಮ್ಮ ಬರೆಯುವುದಿಲ್ಲ, ಅದಕ್ಕೇ ನಾನು ಬರೆಯುತ್ತೇನೆ. ಕೆಲವು ಮನೆಗಳಲ್ಲಿ ಆ ನಾಲ್ಕು ದಿನ ಅಡುಗೆಮನೆ, ದೇವರ ಕೋಣೆ, ಕುಡಿಯುವ ನೀರು ಮುಟ್ಟುವಂತಿಲ್ಲ. ನಮ್ಮಜ್ಜಿ ಕಾಲದ ಹೊರಗೆ ಕೂರುವ ಪದ್ಧತಿಯೇ ಅದು. ನನಗೆ ಇದರಲ್ಲಿ ನಂಬಿಕೆ ಇಲ್ಲ, ನಿನಗಂತೂ ಇರುವುದಿಲ್ಲ. ಆದರೂ ಅದು ಆಮಾಳ ಅಡುಗೆಮನೆ. ಬರಬೇಡ ಅಂದರೆ ಹೊರಗೆ ಕೂತು ಬಡಿಸಿಕೊಂಡು ಉಣ್ಣು, ವಾದ ಬೇಡ. ಯಾವತ್ತು ಅಂತ ಊರಿಗೆಲ್ಲ ಡಂಗುರ ಸಾರಬೇಕಾಗಿಯೂ ಇಲ್ಲ! ಆದರೆ ಕೊಟ್ಟಿಗೆಯಲ್ಲೋ ಗುಡಿಸಲಲ್ಲೋ ಮಲಗು ಅಂದರೆ ಆಗುವುದಿಲ್ಲ ಅನ್ನು. ಅದಕ್ಕೆ ಛೌಪಡಿ ಅನ್ನುತ್ತಾರೆ, ಹೆಚ್ಚಾಗಿ ದೂರದ ಪಶ್ಚಿಮದ ಜಿಲ್ಲೆಗಳಲ್ಲಿದೆ. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು, 2017ರಲ್ಲಿ ಅದು ಶಿಕ್ಷೆಯಾಗುವ ಅಪರಾಧವೂ ಆಯಿತು. ಹೊಗೆ ಕಟ್ಟಿ, ಹಾವು ಕಚ್ಚಿ ಹೆಣ್ಣುಮಕ್ಕಳು ಸತ್ತಿದ್ದಾರೆ.

ಭಾಷೆ ಕಲಿಯುವಾಗ ಹಿಂದಿ ಆಡಬೇಡ. ಸಿನಿಮಾ ನೋಡಿ ಕಲಿತ ಹಿಂದಿ ನಿನ್ನ ಹತ್ತಿರ ಇದೆ, ಅವರಿಗೂ ಅದು ಅರ್ಥವಾಗುತ್ತದೆ. ಮನೆಯ ಮಕ್ಕಳು ಹಿಂದಿಯಲ್ಲೇ ಶುರು ಮಾಡುತ್ತಾರೆ. ಒಮ್ಮೆ ಆ ಚಟ ಹತ್ತಿತೋ, ನಿನ್ನ ನೇಪಾಳಿ ಅಲ್ಲೇ ನಿಂತಿತು. ಟ್ರೇನಿಂಗ್ ಮುಗಿಯುವಾಗ ಮಾತಿನ ಪರೀಕ್ಷೆ ಇರುತ್ತದೆ. ಮಕ್ಕಳನ್ನು ಬಿಟ್ಟು ಎಲ್ಲರಿಗೂ 'ತಪಾಯಿ' ಅನ್ನು. ನಮ್ಮ 'ನೀವು' ಇದ್ದ ಹಾಗೆ. ಆ ಮನೆಯ ಸೊಸೆಗೂ ತಪಾಯಿ ಅನ್ನು. ಎಲ್ಲರೂ ಅವಳಿಗೆ ಕೆಲಸ ಹೇಳುತ್ತಾರೆ, ಮರ್ಯಾದೆ ಕೊಡುವವರು ಕಡಿಮೆ. ನಿನಗೆ ನಿಜವಾಗಿ ಭಾಷೆ ಕಲಿಸುವವಳೂ ಅವಳೇ ಆಗುತ್ತಾಳೆ, ನೋಡುತ್ತಿರು.

ನೀನು ಅಮೆರಿಕದವಳು ಅಂದರೆ ನಂಬುವುದಿಲ್ಲ. "ಇಂಡಿಯನ್ ಅಲ್ವಾ?" ಅಂತ ದಿನಾ ಕೇಳುತ್ತಾರೆ. ಸಿಟ್ಟಾಗಬೇಡ. ಆ ಪ್ರಶ್ನೆಯ ಹಿಂದೆ ಒಂದು ನೋವಿದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ಅಲ್ಲಿ ವಾರದ ರಜೆ ಶನಿವಾರ, ಅವತ್ತು ಶನಿವಾರವಾಗಿದ್ದರಿಂದ ಶಾಲೆಗಳಲ್ಲಿ ಮಕ್ಕಳಿರಲಿಲ್ಲ, ಅದೊಂದು ಪುಣ್ಯ. ಜನ ಇನ್ನೂ ತಗಡಿನ ಶೆಡ್ಡಿನಲ್ಲಿ ಇರುವಾಗಲೇ ಸೆಪ್ಟೆಂಬರಿನಲ್ಲಿ ಹೊಸ ಸಂವಿಧಾನ ಬಂತು, ಭಾರತದ ಗಡಿಗೆ ಹತ್ತಿದ ತರಾಯಿ ಬಯಲಿನಲ್ಲಿ ಅಲ್ಲಿನ ಮಧೇಸಿ ಜನ ಅದರ ವಿರುದ್ಧ ನಡೆಸಿದ ಚಳವಳಿ ಜೋರಾಯಿತು, ಭಾರತದಿಂದ ಬರುವ ಲಾರಿಗಳು ಗಡಿಯಲ್ಲೇ ನಿಂತವು. ನಾವು ತಡೆದಿಲ್ಲ ಅಂತ ಭಾರತ ಹೇಳಿತು. ನೇಪಾಳದಲ್ಲಿ ಅದನ್ನು ನಂಬಿದವರು ಕಡಿಮೆ. ಚಳಿಗಾಲ ಪೂರ್ತಿ ಗ್ಯಾಸ್ ಇಲ್ಲ, ಪೆಟ್ರೋಲ್ ಇಲ್ಲ. ಸಿಲಿಂಡರ್ ಸಿಕ್ಕರೂ ಅರ್ಧ ತುಂಬಿದ್ದು. ನಮ್ಮ ಮನೆ ಮಾಲೀಕರ ಹೆಂಡತಿ ಟೆರೇಸಿನ ಮೇಲೆ ಇಟ್ಟಿಗೆ ಒಲೆ ಹೂಡಿ ನಮ್ಮ ಅನ್ನವನ್ನೂ ಬೇಯಿಸಿಕೊಡುತ್ತಿದ್ದರು. ಬೇಯಿಸುವಷ್ಟು ಹೊತ್ತೂ ಭಾರತಕ್ಕೆ ಬೈಯುತ್ತಿದ್ದರು. ನಾನು ಸೌದೆ ಮುಂದಕ್ಕೆ ತಳ್ಳುತ್ತಾ ಕೇಳಿಸಿಕೊಳ್ಳುತ್ತಿದ್ದೆ. ನಿನ್ನ ಆಮಾ ಆ ಮಾತು ತೆಗೆದರೆ ಯಾವ ದೇಶದ ಪರವೂ ವಕಾಲತ್ತು ಬೇಡ. ಹಾಂ, ಬುದ್ಧ ಹುಟ್ಟಿದ್ದು ಭಾರತದಲ್ಲಿ ಅಂತ ಬಾಯಿತಪ್ಪಿಯೂ ಅನ್ನಬೇಡ. ಲುಂಬಿನಿ ಇರುವುದು ನೇಪಾಳದಲ್ಲಿ. ಅದನ್ನು ಮರೆತವರಿಗೆ ಅಲ್ಲಿ ಎರಡನೇ ಸಲ ಚಹಾ ಸಿಗುವುದಿಲ್ಲ!

ಊಟಕ್ಕೆ ಹೊಟ್ಟೆಯನ್ನು ಈಗಿನಿಂದಲೇ ಅಭ್ಯಾಸ ಮಾಡು. ಬೆಳಿಗ್ಗೆ ಬರೀ ಚಹಾ. ಒಂಬತ್ತು ಹತ್ತು ಗಂಟೆಗೆ ಪೂರ್ತಿ ಊಟ, ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ. ಮಧ್ಯಾಹ್ನ ಏನಾದರೂ ಚೂರು ಪಾರು. ರಾತ್ರಿ ಮತ್ತೆ ಅದೇ ಊಟ. ಇಡ್ಲಿ ದೋಸೆಯ ಹೊತ್ತಿಗೆ ಅನ್ನ ಸಾರು ಇಳಿಯುವುದು ಮೊದಲ ವಾರ ಕಷ್ಟ. ಬಿಸ್ಕತ್ತು ತಂದು ರೂಮಿನಲ್ಲಿ ಬಚ್ಚಿಡಬೇಡ. ಇಲಿ ಬರುತ್ತದೆ, ಆಮಾಗೂ ಅವಮಾನವಾಗುತ್ತದೆ. ನಿನ್ನ ಊಟಕ್ಕೆ ಪೀಸ್ ಕೋರ್ ಆಫೀಸಿನವರು ಆ ಮನೆಗೆ ದುಡ್ಡು ಕೊಡುತ್ತಾರೆ ನಿಜ. ಆದರೆ ನೀನು ಸೊರಗಿದರೆ ಕೇರಿಯ ಹೆಂಗಸರು ಅವಳನ್ನೇ ಆಡಿಕೊಳ್ಳುವುದು. ದಪ್ಪಗಾಗಿದ್ದೀಯ ಅಂದರೆ ಹೊಗಳಿಕೆ ಅಂತ ತಿಳಿ. ಸಾಕಾದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು 'ಪುಗ್ಯೊ' ಅನ್ನು. ಮೆತ್ತಗೆ ಅಂದರೆ ಇನ್ನೊಂದು ಸೌಟು ಬಿದ್ದಿರುತ್ತದೆ. ಸೊಸೆ ಕೊನೆಯಲ್ಲಿ ಉಣ್ಣುತ್ತಾಳೆ, ಎರಡನೇ ಸಲ ಪಲ್ಯ ಹಾಕಿಸಿಕೊಳ್ಳುವ ಮುಂಚೆ ಪಾತ್ರೆಯ ಕಡೆ ಒಮ್ಮೆ ನೋಡು.

ಮೊಟ್ಟೆ, ಮಾಂಸ ತಿನ್ನುವುದಿಲ್ಲ ಅನ್ನುವುದನ್ನು ಮೊದಲೇ ಫಾರ್ಮಿನಲ್ಲಿ ಬರೆ. ದಸೈಂ ಹಬ್ಬಕ್ಕೆ, ಅಂದರೆ ನಮ್ಮ ದಸರಾ ಹೊತ್ತಿಗೆ, ಮನೆ ಮುಂದೆಯೇ ಆಡು ಕಡಿಯುತ್ತಾರೆ. ಮುಖ ಸಿಂಡರಿಸಬೇಡ. ಹಿರಿಯರ ಮುಂದೆ ಕೂತು ಹಣೆಗೆ ಟೀಕಾ ಇಡಿಸಿಕೋ.

ಒಂದು ದಿನ ಢಿಂಡೊ ಬೇಕು ಅಂತ ಕೇಳು. ಕೋದೊ ಹಿಟ್ಟಿನಲ್ಲಿ ಮಾಡುತ್ತಾರೆ. ಕೋದೊ ಅಂದರೆ ನಮ್ಮ ರಾಗಿಯೇ. ನೀನು ತಾತನ ಪಕ್ಕ ಕೂತು ನುಂಗಲು ಕಲಿತ ಮುದ್ದೆ ನೆನಪಿದೆ ಅಲ್ವಾ? ಜೊತೆಗೆ ಗುಂದ್ರುಕ್ ಸಾರು, ಸಾಸಿವೆ ಸೊಪ್ಪನ್ನು ಹುಳಿ ಬರಿಸಿ ಒಣಗಿಸಿ ಮಾಡಿದ್ದು. ಆಮಾ ಮೊದಲು ನಾಚಿಕೊಳ್ಳುತ್ತಾಳೆ. ಬಡವರ ಊಟ, ಅತಿಥಿಗೆ ಹೇಗೆ ಬಡಿಸುವುದು ಅನ್ನುತ್ತಾಳೆ. ಪಟ್ಟು ಬಿಡಬೇಡ. ನೀನು ಅಗಿಯದೆ ನುಂಗುವುದನ್ನು ನೋಡಿ ಅವಳ ಮುಖ ಹೇಗಾಗುತ್ತದೆ ಅಂತ ನನಗೆ ಬರೆದು ತಿಳಿಸು.

ಬಾಗಿಲು ಹಾಕಿಕೊಂಡು ರೂಮಿನಲ್ಲಿ ಕೂತರೆ ಹುಷಾರಿಲ್ಲ ಅಥವಾ ಸಿಟ್ಟಾಗಿದ್ದಾಳೆ ಅಂದುಕೊಳ್ಳುತ್ತಾರೆ. ಪುಸ್ತಕ ತಂದು ಜಗಲಿಯಲ್ಲಿ ಕೂತು ಓದು. ಬೆಳ್ಳುಳ್ಳಿ ಬಿಡಿಸು, ಜೋಳ ಉದುರಿಸು. ಒಬ್ಬಳೇ ಇರಬೇಕು ಅನ್ನಿಸಿದರೆ ಓದಿಕೊಳ್ಳಬೇಕು ಅನ್ನು. ಓದಿಗೆ ಅಲ್ಲಿ ಎಲ್ಲರೂ ದಾರಿ ಬಿಡುತ್ತಾರೆ.

ಇಷ್ಟೆಲ್ಲ ಹೊಂದಿಕೋ ಅಂದೆ ಅಂತ ಎಲ್ಲವನ್ನೂ ಸಹಿಸಬೇಕಾಗಿಲ್ಲ. 'ಸ್ವಲ್ಪ ಅಡ್ಜಸ್ಟ್ ಮಾಡ್ಕೋ' ಅನ್ನುವ ನಮ್ಮ ಮಾತು ಬಸ್ಸಿನ ಸೀಟಿಗೆ ಸರಿ. ಮನೆಗೆ ಬಂದ ನೆಂಟನ ಕೈ ಎಲ್ಲೋ ತಾಗಿತು, ಕುಡಿದು ಬಂದ ಯಾರೋ ರಾತ್ರಿ ಬಾಗಿಲು ತಟ್ಟಿದರು ಅಂದರೆ ಅವತ್ತೇ ಆಫೀಸಿಗೆ ಫೋನ್ ಮಾಡು. ಆಮಾಗೆ ಬೇಜಾರಾಗುತ್ತದೆ ಅಂತ ಎರಡು ದಿನ ಕಾಯಬೇಡ. ರೂಮಿಗೆ ಒಳಗಿನಿಂದ ಚಿಲಕ ಇರಲೇಬೇಕು. ಬಂದ ದಿನವೇ ನೋಡು. ಸಾಲ ಕೇಳಿದರೂ ಅಷ್ಟೇ, ಭಾಷೆ ಕಲಿಸುವ ಮೇಷ್ಟ್ರ ಹತ್ತಿರ ಮೊದಲು ಹೇಳು.

ದುಬಾರಿ ಉಡುಗೊರೆ ಒಯ್ಯಬೇಡ. ನಿನ್ನ ಜೊತೆಯವರು ಅಕ್ಕಪಕ್ಕದ ಮನೆಗಳಲ್ಲೇ ಇರುತ್ತಾರೆ, ಯಾರಿಗೆ ಏನು ಬಂತು ಅಂತ ಹೋಲಿಕೆ ಶುರುವಾಗುತ್ತದೆ. ಅಪ್ಪ ಅಮ್ಮನ ಜೊತೆ ತೆಗೆದ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋಗು, ಅಜ್ಜಿಯದೂ ಇರಲಿ. ಬೀದಿ ನಲ್ಲಿಯಲ್ಲಿ ಸ್ನಾನ ಮಾಡಬೇಕಾಗಬಹುದು, ಎದೆಗೆ ಕಟ್ಟಿಕೊಳ್ಳಲು ಹತ್ತಿಯ ಲುಂಗಿಯನ್ನು ಅಲ್ಲೇ ಕೊಂಡುಕೋ. ತಲೆಗೆ ಕಟ್ಟುವ ಒಂದು ಟಾರ್ಚ್, ಬೆಚ್ಚಗಿನ ಕಾಲುಚೀಲ. ಮನೆಯೊಳಗೆ ಹೀಟರ್ ಇರುವುದಿಲ್ಲ. ಕಾಫಿ ಪುಡಿ ಬೇಕಾದರೆ ಹೇಳು, ಮಾವ ಅರ್ಧ ಕೆಜಿ ಹುರಿಸಿ ಕಳಿಸುತ್ತಾರಂತೆ. ಚಿಕೋರಿ ಹಾಕಿಸಲಾ, ಬೇಡವಾ?

ನಿನ್ನ ಪ್ರೀತಿಯ,
ಅತ್ತೆ