ಗೆಳೆಯನಿಗೊಂದು ಪತ್ರ: ಕೇಜ್, ಬುಲೇಜ್ ಮತ್ತು ಮೂರು ನಾಣ್ಯ

ಗೆಳೆಯಾ,

ಅಮೆರಿಕದ ಸಂಯೋಜಕ ಜಾನ್ ಕೇಜ್ ಅಂದ್ರೆ ನಮಗೆಲ್ಲ ಏನೂ ನುಡಿಸದ ಕೃತಿಯ 4 ನಿಮಿಷ 33 ಸೆಕೆಂಡಿನ ಆ ಮೌನವೇ ನೆನಪಾಗೋದು. ಅವನೂ ಫ್ರಾನ್ಸಿನ ಸಂಯೋಜಕ ಪಿಯರ್ ಬುಲೇಜ್‌ನೂ ಬರೆದುಕೊಂಡ ಪತ್ರ ಓದು ಮಾರಾಯ, ಮನುಷ್ಯ ಎಂಥ ಮಾತುಗಾರ ಅಂತ ಗೊತ್ತಾಗತ್ತೆ.

ಪರಿಚಯ ಆದದ್ದು 1949ರಲ್ಲಿ, ಪ್ಯಾರಿಸ್ಸಲ್ಲಿ. ಕೇಜ್ ಹನ್ನೆರಡೂವರೆ ವರ್ಷ ದೊಡ್ಡವನು. ತಂತಿಗಳ ನಡುವೆ ತಿರುಪು, ಬೋಲ್ಟು, ರಬ್ಬರ್ ಸಿಗಿಸಿದ ಅವನ ಪಿಯಾನೊ ಕೃತಿಯನ್ನ ಅಲ್ಲಿನ ಒಂದು ಮನೆಯ ಸಂಗೀತ ಕಛೇರಿಯಲ್ಲಿ ಪರಿಚಯ ಮಾಡಿಕೊಟ್ಟವನು ಬುಲೇಜ್. ಅದರ ಹಿಂದಿರೋದು ನಮ್ಮ ನವರಸ! ನ್ಯೂಯಾರ್ಕಿನಲ್ಲಿ ಗೀತಾ ಸಾರಾಭಾಯಿ ಅವರಿಂದ ಕೇಜ್ ನಮ್ಮ ಸಂಗೀತದ ಪಾಠ ಹೇಳಿಸಿಕೊಂಡಿದ್ದ, ಬದಲಿಗೆ ಕೌಂಟರ್‌ಪಾಯಿಂಟ್, ಅಂದ್ರೆ ಎರಡು ಮೂರು ರಾಗಧಾರೆಗಳನ್ನ ಒಟ್ಟಿಗೆ ಹೆಣೆಯೋ ಪಾಶ್ಚಾತ್ಯ ವಿದ್ಯೆ, ಕಲಿಸಿದ್ದ.

ತಮಾಷೆ ಶುರುವಾಗೋದು 1951ರಲ್ಲಿ. ಕೇಜ್‌ನ ಶಿಷ್ಯ ಕ್ರಿಸ್ಚಿಯನ್ ವೂಲ್ಫ್, ಇನ್ನೂ ಹುಡುಗ, ಚೀನಾದ ಹಳೇ ಶಕುನದ ಪುಸ್ತಕ 'ಐ ಚಿಂಗ್' ತಂದುಕೊಟ್ಟಿದ್ದ. ಅದನ್ನಿಟ್ಟುಕೊಂಡು ಸಂಗೀತ ಬರೆಯೋ ತನ್ನ ಹೊಸ ವಿಧಾನವನ್ನ ಕೇಜ್ ಪತ್ರದಲ್ಲಿ ಬಿಡಿಸಿ ಹೇಳ್ತಾನೆ. ಮೂರು ನಾಣ್ಯ ಆರು ಸಲ ಚಿಮ್ಮು, 64ರೊಳಗೆ ಒಂದು ಸಂಖ್ಯೆ ಬರತ್ತೆ. ಮೊದಲೇ ಮಾಡಿಟ್ಟ ಸದ್ದುಗಳ ಪಟ್ಟಿಯ ಆ ಮನೆಯಲ್ಲಿ ಏನಿದೆಯೋ ಅದನ್ನೇ ಬರಿ. ಅರ್ಧ ಮನೆಗಳಲ್ಲಿ ಬರೀ ಮೌನ. ಎಷ್ಟು ಹೊತ್ತು ನುಡಿಸಬೇಕು ಅನ್ನೋದಕ್ಕೆ ಮತ್ತೆ ಚಿಮ್ಮು, ಜೋರಾಗಿಯೋ ಮೆಲ್ಲಗೋ ಅನ್ನೋದಕ್ಕೆ ಇನ್ನೊಮ್ಮೆ. ಕವಡೆ ಹಾಕಿ ಚೌಕಾಬಾರ ಆಡಿದ ಹಾಗೆ, ಆದ್ರೆ ಗೆಲ್ಲೋರು ಯಾರೂ ಇಲ್ಲ.

ಬುಲೇಜ್ ಉತ್ತರ ನೋಡು: ಉಳಿದದ್ದೆಲ್ಲ ಇಷ್ಟ, ಕ್ಷಮಿಸು, ಈ ನಾಣ್ಯದ ಆಟ ಮಾತ್ರ ಒಪ್ಪಿಗೆ ಇಲ್ಲ. ಮಜಾ ಏನಂದ್ರೆ, ಅವನೂ ಆಗ ಸ್ವರಕ್ಕೆ ಹನ್ನೆರಡು, ಕಾಲಕ್ಕೆ ಹನ್ನೆರಡು ಅಂತ ಕೋಷ್ಟಕ ಹಾಕ್ಕೊಂಡು ಅದರ ಲೆಕ್ಕದಂತೆ ಸಂಗೀತ ಬರೀತಾ ಕೂತಿದ್ದ. ಇಬ್ಬರಿಗೂ ಸ್ವಂತ ರುಚಿ ಕೈ ಹಾಕೋದು ಬೇಡವಾಗಿತ್ತು. ವಾದದಲ್ಲಿ ನಾನು ಬುಲೇಜ್ ಕಡೆ. ಕೇಳೋಕೆ ಕೂತ್ರೆ ಮಾತ್ರ ಯಾವುದು ನಾಣ್ಯದ್ದು, ಯಾವುದು ಲೆಕ್ಕದ್ದು ಅಂತ ನನ್ನ ಕಿವಿಗೆ ಥಟ್ಟನೆ ಗೊತ್ತಾಗಲ್ಲ.

1954ರ ಹೊತ್ತಿಗೆ ಪತ್ರಗಳು ಕಡಿಮೆಯಾದವು. 1957ರಲ್ಲಿ ಬುಲೇಜ್ ಆಕಸ್ಮಿಕದ ಸಂಗೀತವನ್ನ ತರಾಟೆಗೆ ತಗೊಂಡು ಲೇಖನ ಬರೆದ. ಪತ್ರದಲ್ಲಿ 'ಕ್ಷಮಿಸು' ಅಂದವನು ಅಲ್ಲಿ ಕೇಜ್ ಹೆಸರನ್ನೇ ಎತ್ತಲಿಲ್ಲ. ನಂಗೆ ಚುಚ್ಚಿದ್ದು ಬೈಗುಳ ಅಲ್ಲ, ಅದು.

ನಿನ್ನ ತಂಬೂರಿ-ಮಿಕ್ಸಿ ರೆಕಾರ್ಡಿಂಗ್ ಕೇಳಿದೆ. ಮಿಕ್ಸಿ ನಿಂತು ತಂಬೂರಿ ಒಂದೇ ಉಳಿಯೋ ಜಾಗ ತುಂಬಾ ಚೆನ್ನಾಗಿದೆ. ಕೊನೆಯ ಟ್ರಾಫಿಕ್ ಸದ್ದು ತೆಗಿ, ಅದನ್ನ ಎಲ್ಲರೂ ಹಾಕ್ತಾರೆ. ಒಪ್ಪಿಗೆ ಇಲ್ಲದಿದ್ರೆ ಬೈದು ಬರಿ, ಫೋನ್ ಮಾಡ್ಬೇಡ.

ನಿನ್ನವ