ಅಲಾಸ್ಕಾ ಕ್ರೂಸ್ ನೆನಪಿನ ಪುಸ್ತಕ: ಭಾನುವಾರದೊಳಗೆ ಕಳ್ಸಿ

ಎಲ್ರಿಗೂ ನಮಸ್ಕಾರ. ಪುಸ್ತಕ ಸೋಮವಾರ ಪ್ರಿಂಟಿಗೆ ಹೋಗುತ್ತೆ, ಅದಕ್ಕೆ ಈ ಭಾನುವಾರ ರಾತ್ರಿ 9 ಗಂಟೆಯೊಳಗೆ (ಸಿಯಾಟಲ್ ಟೈಮು) ಪ್ರತಿ ಮನೆಯಿಂದ 10 ಫೋಟೋ, ಒಂದು ಪುಟ ಬರಹ ಬೇಕು. ಫೋಟೋನ ಡಾಕ್ಯುಮೆಂಟ್ ಮಾಡಿ ಕಳ್ಸಿ, ಇಲ್ಲಾಂದ್ರೆ ಮಸುಕಾಗುತ್ತೆ, ಯಾವ ಊರು ಅಂತ ಕೆಳಗೆ ಬರೀರಿ.

ಬರೀ ಸೆಲ್ಫಿ ಸಾಲದು ಕಣ್ರೀ. ಸ್ಕ್ಯಾಗ್‌ವೇಲಿ ರೈಲು ಹತ್ತಿದ್ವಲ್ಲ, ಆ ಹಳಿ 1898ರಲ್ಲಿ ಶುರುವಾಗಿ 1900ಕ್ಕೆ ಮುಗಿದಿದ್ದು, ಅದಕ್ಕೂ ಮುಂಚೆ ಕೆನಡಾದ ಕ್ಲಾಂಡೈಕ್ ಕಡೆ ಚಿನ್ನ ಹುಡುಕ್ಕೊಂಡು ಹೊರಟೋರು ಒಂದು ವರ್ಷಕ್ಕಾಗೋ ಸಾಮಾನು, ಹತ್ರ ಹತ್ರ ಒಂದು ಟನ್, ಕಂತು ಕಂತಾಗಿ ಹೊತ್ಕೊಂಡು ಅದೇ ಬೆಟ್ಟ ಎಷ್ಟೋ ಸಲ ಹತ್ತಿ ಇಳೀತಿದ್ರು, ಅದನ್ನ ಕೇಳಿ ನಮ್ಮತ್ತೆ ಕಿಟಕಿ ಕಡೆ ನೋಡ್ತಾ ಸುಮ್ನಾಗ್ಬಿಟ್ರು, ಆ ಥರದ್ದು ಬರೀರಿ. ಕೆಚಿಕಾನ್‌ಲಿ ಹಳ್ಳದ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು, ರಸ್ತೇಲಿ ಹೊರಗಿಂದ ತಲುಪೋಕೇ ಆಗದ ಜೂನೋ. ಗ್ಲೇಸಿಯರ್ ಬೇ ಅಂತೂ ಬಿಡ್ಲೇಬೇಡಿ: 1794ರಲ್ಲಿ ಕೊಲ್ಲಿ ಬಾಯಿ ಹತ್ರಾನೇ ಇದ್ದ ಹಿಮ ನೋಡೋಕೆ ನಾವು ಹಡಗಲ್ಲಿ ಎಷ್ಟು ಒಳಗೆ ಹೋದ್ವಿ, ಹಿಮ ಮುರಿದು ಬಿದ್ದಾಗ ಮಕ್ಳು ಕೂಗಿದ್ದು, ಎಲ್ಲಾ ಬರ್ಲಿ.

ಊರಿಂದ ಬಂದಿದ್ದ ಅಪ್ಪ ಅಮ್ಮಂದಿರಿಗೆ ಟೈಪ್ ಮಾಡೋದು ಕಷ್ಟ ಆದ್ರೆ ವಾಯ್ಸ್ ಮೆಸೇಜ್ ಹಾಕ್ಸಿ, ನಾನೇ ಕೂತು ಬರ್ಕೋತೀನಿ, ಅವರ ಮಾತಿಲ್ದೆ ಈ ಪುಸ್ತಕ ಮಾಡೋಕೆ ನಂಗೆ ಮನಸ್ಸೇ ಇಲ್ಲ.

ಎಷ್ಟು ಕಾಪಿ ಬೇಕು ಅಂತ ಇವತ್ತೇ ಇಲ್ಲೇ ರಿಪ್ಲೈ ಮಾಡಿ ಪ್ಲೀಸ್.